ಮೈಮೇಲಿನ ದದ್ದು ಒಳಗಿನ ಕಾಯಿಲೆಯ ಸುಳಿವೇ? ಮನೆಯಲ್ಲೇ ಗಮನಿಸಿ ತಿಳಿಯುವ ಕ್ರಮ

ಉಡುಪಿ ಬಳಿಯ ಶಂಕರಪುರದ ಕಡೆಯಿಂದ ಬಂದಿದ್ದ ಆ ಅಮ್ಮನಿಗೆ 50ರ ಆಸುಪಾಸು. ಮನೆಯ ಅಂಗಳದಲ್ಲಿ ಮಲ್ಲಿಗೆ ಗಿಡಗಳು. ದಿನಾ ಮೊಗ್ಗು ಕೊಯ್ದು, ಕಟ್ಟಿ, ಹೂ ಕೊಳ್ಳುವ ಕಟ್ಟೆಗೆ ಕೊಡುವ ಕೆಲಸ. ಕೈಬೆರಳ ಗೆಣ್ಣುಗಳ ಮೇಲೆ ಒರಟಾದ ನೇರಳೆ ದದ್ದು ಎದ್ದಿತ್ತು. ಎರಡೂ ಕಣ್ಣಿನ ಮೇಲ್ರೆಪ್ಪೆ ಅದೇ ಬಣ್ಣಕ್ಕೆ ತಿರುಗಿ ಸ್ವಲ್ಪ ಊದಿತ್ತು. "ಎಂತ ಇಲ್ಲ ಸಿಸ್ಟರ್, ಬಿಸಿಲಿಗೆ ಆದದ್ದು. ಬೆರಳಿಗೆ ನಾರು ತಾಗಿ ತಾಗಿ ಹೀಗಾಗಿದೆ" ಎಂದರು. ಮೂರು ತಿಂಗಳಿಂದ ಯಾವುದೋ ಮುಲಾಮು ಹಚ್ಚುತ್ತಿದ್ದರಂತೆ.

ಡಾಕ್ಟರು ದದ್ದನ್ನು ಒಮ್ಮೆ ನೋಡಿ, ಒಂದೇ ಪ್ರಶ್ನೆ ಕೇಳಿದರು: "ಕಟ್ಟಿದ ಹೂ ನೀವೇ ಮುಡ್ಕೊಳ್ತೀರಾ ಅಮ್ಮ?"

ಆಕೆ ತುಸು ಹೊತ್ತು ಸುಮ್ಮನಾದರು. "ಇಲ್ಲ, ಈಗ ಮಗಳು ಮುಡಿಸುವುದು. ಕೈ ಮೇಲೆ ಹೋಗುವುದೇ ಇಲ್ಲ."

ಕುಕ್ಕರಗಾಲಲ್ಲಿ ಕೂತು ಏಳಲು ಹೇಳಿದಾಗ ಕುರ್ಚಿಯ ಕಾಲು ಹಿಡಿಯದೆ ಏಳಲಾಗಲಿಲ್ಲ. ಅದು ಬಿಸಿಲಿನ ದದ್ದಾಗಿರಲಿಲ್ಲ, ಡರ್ಮಟೊಮಯೊಸೈಟಿಸ್ ಆಗಿತ್ತು. ಅಂದರೆ ದೇಹದ ರಕ್ಷಣಾ ವ್ಯವಸ್ಥೆ ಸ್ವಂತ ಸ್ನಾಯುಗಳ ಮೇಲೂ ಚರ್ಮದ ಮೇಲೂ ತಿರುಗಿಬೀಳುವ ಕಾಯಿಲೆ. 40 ದಾಟಿದವರಲ್ಲಿ ಇದು ಬಂದರೆ ಒಳಗೆಲ್ಲಾದರೂ ಕ್ಯಾನ್ಸರ್ ಇದೆಯೇ ಎಂದು ಹುಡುಕಲೇಬೇಕು. ಹುಡುಕಿದಾಗ ಅಂಡಾಶಯದಲ್ಲಿ ಗೆಡ್ಡೆ ಸಿಕ್ಕಿತು.

ಚರ್ಮರೋಗ ವಿಭಾಗದಲ್ಲಿ ನರ್ಸ್ ಆಗಿ ಕಳೆದ ವರ್ಷಗಳಲ್ಲಿ ನಾನು ಕಲಿತ ದೊಡ್ಡ ಪಾಠ ಆ ಒಂದು ಪ್ರಶ್ನೆಯಲ್ಲಿದೆ. ದದ್ದನ್ನು ಒಂಟಿಯಾಗಿ ನೋಡಿದರೆ ಅದು ಬಾಯಿ ಬಿಡುವುದಿಲ್ಲ. ಅದರ ಜೊತೆಗೆ ಬಂದದ್ದು ಏನು ಎಂದು ಕೇಳಬೇಕು. ಮಂಗಳೂರು, ಉಡುಪಿ ಕಡೆಯ ಮನೆಗಳಲ್ಲಿ ಈ ಪ್ರಶ್ನೆಗಳನ್ನು ನೀವೇ ಕೇಳಿಕೊಳ್ಳಲಿ, ಹೊತ್ತು ಮೀರುವ ಮೊದಲು ವೈದ್ಯರ ಮುಂದೆ ಕೂರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಮನೆಯಲ್ಲೇ ರೋಗ ನಿರ್ಧಾರ ಮಾಡುವುದಕ್ಕಲ್ಲ.

ಎಲ್ಲಕ್ಕೂ ಮೊದಲು: ಇವತ್ತೇ, ಈಗಲೇ ಹೊರಡಬೇಕಾದವು

ಮುಂದಿನ ಹಂತಗಳನ್ನು ಓದುವ ಮೊದಲು ಇವಿಷ್ಟನ್ನು ನೋಡಿಬಿಡಿ. ಇದರಲ್ಲಿ ಒಂದಿದ್ದರೂ ಓದುವುದನ್ನು ನಿಲ್ಲಿಸಿ, 108ಕ್ಕೆ ಕರೆ ಮಾಡಿ ಅಥವಾ ಸಿಕ್ಕಿದ ವಾಹನದಲ್ಲಿ ಹೊರಡಿ.

- ಜ್ವರದ ಜೊತೆ ಕೆಂಪು ಅಥವಾ ನೇರಳೆ ಚುಕ್ಕೆಗಳು ಗಂಟೆಗಂಟೆಗೆ ಹೆಚ್ಚುತ್ತಿವೆ, ಒತ್ತಿದರೂ ಮಾಯವಾಗುವುದಿಲ್ಲ.
- ದದ್ದು ತುರಿಸುವುದಕ್ಕಿಂತ ಹೆಚ್ಚಾಗಿ ಉರಿಯುತ್ತದೆ, ಮುಟ್ಟಿದರೆ ನೋವು. ಬಾಯಿ, ಕಣ್ಣು, ಮೂತ್ರದ್ವಾರದಲ್ಲಿ ಹುಣ್ಣು. ಚರ್ಮ ಸುಲಿಯುತ್ತಿದೆ.
- ಮೈತುಂಬ ಗಂಧೆ ಎದ್ದು ತುಟಿ, ನಾಲಗೆ ಊದಿದೆ, ಉಸಿರು ಕಟ್ಟುತ್ತಿದೆ, ತಲೆ ತಿರುಗುತ್ತಿದೆ.
- ದದ್ದಿನ ಜೊತೆ ಮಂಪರು, ಕುತ್ತಿಗೆ ಬಿಗಿತ, ಅಥವಾ ಮೂತ್ರ ತೀರಾ ಕಡಿಮೆಯಾಗಿದೆ.

ಹಂತ 1: ಊರಿನ ಮಾಮೂಲಿ ದದ್ದುಗಳನ್ನು ಬದಿಗಿಡಿ

ಕರಾವಳಿಯ ಸೆಕೆಯಲ್ಲಿ ಕಾಣುವ ಹೆಚ್ಚಿನ ದದ್ದುಗಳು ಬರೀ ಚರ್ಮದವು. ಮಾರ್ಚ್‌ನಿಂದ ಮೇವರೆಗೆ ಬೆವರುಸಾಲೆ. ತೊಡೆಸಂದು, ಸೊಂಟದಲ್ಲಿ ಉಂಗುರದ ಹಾಗೆ ಹರಡುವ ಹುಳುಕಡ್ಡಿ. ಮನೆಯ ಎಲ್ಲರಿಗೂ ರಾತ್ರಿ ಹೊತ್ತು ತುರಿಕೆ ಹೆಚ್ಚಾದರೆ, ಬೆರಳ ಸಂದಿಯಲ್ಲಿ ಗುಳ್ಳೆಯಿದ್ದರೆ ಅದು ಕಜ್ಜಿ. ತೋಟ ಸವರುವಾಗ ಚೇರಿನ ಮರದ ಹಾಲು ತಾಗಿದವರ ಮುಖ ಊದಿಕೊಳ್ಳುತ್ತದೆ. ಗೇರುಬೀಜದ ಸಿಪ್ಪೆಯ ಎಣ್ಣೆ ತಾಗಿದವರ ಕೈ ಕಪ್ಪಾಗಿ ಸುಲಿಯುತ್ತದೆ. ಇಲ್ಲೆಲ್ಲ ಕಾರಣ ಹೊರಗಿದೆ, ಏನು ತಾಗಿತು ಎಂದು ನಿಮಗೇ ಗೊತ್ತಿರುತ್ತದೆ.

ಹೊರಗಿನ ಕಾರಣ ಕಾಣದಿದ್ದರೆ, ಅದರಲ್ಲೂ ದೇಹದ ಎರಡೂ ಬದಿಗೆ ಒಂದೇ ತರಹ ಬಂದು, ಎರಡು ವಾರ ದಾಟಿದರೂ ಇಳಿಯದಿದ್ದರೆ ಅಲ್ಲಿಂದ ಮುಂದೆ ಈ ಬರಹದ ಕೆಲಸ.

ಹಂತ 2: ಹಗಲು ಬೆಳಕಿನಲ್ಲಿ, ನಮ್ಮ ಬಣ್ಣದ ಚರ್ಮವನ್ನು ನಮ್ಮ ಕಣ್ಣಿನಿಂದ ನೋಡಿ

ಟ್ಯೂಬ್‌ಲೈಟಿನ ಕೆಳಗೆ ನೋಡಬೇಡಿ. ಬೆಳಿಗ್ಗೆ ಕಿಟಕಿಯ ಬಳಿ ಅಥವಾ ಜಗಲಿಯಲ್ಲಿ, ಬಟ್ಟೆ ಸರಿಸಿ ಪೂರ್ತಿ ಮೈ ನೋಡಬೇಕು. ಬೆನ್ನು, ಕಿವಿಯ ಹಿಂಭಾಗ, ಅಂಗಾಲು, ಬಾಯೊಳಗೆ, ಉಗುರು ಯಾವುದನ್ನೂ ಬಿಡಬಾರದು. ತೋರಿಸಲು ನಾಚಿಕೊಂಡು ಬಿಟ್ಟ ಜಾಗದಲ್ಲೇ ಉತ್ತರ ಸಿಕ್ಕಿದ್ದನ್ನು ಎಷ್ಟೋ ಸಲ ನೋಡಿದ್ದೇನೆ.

ಇಂಟರ್ನೆಟ್ಟಿನಲ್ಲಿ ಸಿಗುವ ಚಿತ್ರಗಳಲ್ಲಿ ಹೆಚ್ಚಿನವು ಬಿಳಿ ಚರ್ಮದವು. ಅಲ್ಲಿ "ಕೆಂಪು ದದ್ದು" ಅಂದರೆ ನಿಜಕ್ಕೂ ಕೆಂಪು. ನಮ್ಮ ಕಂದು, ಎಣ್ಣೆಗಪ್ಪು ಚರ್ಮದಲ್ಲಿ ಅದೇ ದದ್ದು ನೇರಳೆ, ಗಾಢ ಕಂದು, ಕೆಲವೊಮ್ಮೆ ಬೂದಿ ಬಣ್ಣಕ್ಕೆ ಕಾಣುತ್ತದೆ. ಹಾಗಾಗಿ ಬಣ್ಣಕ್ಕಿಂತ ಬೇರೆಯವನ್ನು ಹೆಚ್ಚು ನಂಬಿ: ಅಕ್ಕಪಕ್ಕದ ಚರ್ಮಕ್ಕಿಂತ ಬಿಸಿಯೇ, ಕೈಯಾಡಿಸಿದರೆ ಎದ್ದಿದೆಯೇ, ಗಟ್ಟಿಯೇ, ಹೊಟ್ಟು ಏಳುತ್ತದೆಯೇ. ರಕ್ತಸ್ರಾವದ ಸಣ್ಣ ಚುಕ್ಕೆಗಳು ನಮ್ಮ ಕಾಲಿನ ಚರ್ಮದಲ್ಲಿ ಅಡಗಿಕೊಂಡರೂ ಅಂಗೈ, ಅಂಗಾಲು, ಬಾಯಿಯ ಅಂಗುಳ, ಕೆಳರೆಪ್ಪೆಯ ಒಳಭಾಗದಲ್ಲಿ ಸ್ಪಷ್ಟವಾಗಿ ಕಾಣುತ್ತವೆ.

ಮೊಬೈಲಿನಲ್ಲಿ ಎರಡು ಫೋಟೊ ತೆಗೆಯಿರಿ. ಒಂದು ಹತ್ತಿರದಿಂದ, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು. ಇನ್ನೊಂದು ದೂರದಿಂದ, ದೇಹದ ಯಾವ ಭಾಗ ಎಂದು ತಿಳಿಯುವಂತೆ. ಬಂದು ಹೋಗುವ ದದ್ದಾದರೆ ವೈದ್ಯರ ಬಳಿ ಹೋದ ದಿನ ಮೈ ಶುಭ್ರವಾಗಿರುತ್ತದೆ. ಆಗ ಆ ಫೋಟೊ ಒಂದೇ ಸಾಕ್ಷಿ.

ಹಂತ 3: ಗಾಜಿನ ಲೋಟ, ಪೆನ್ನು, ಹತ್ತಿ

ಮೂರೂ ಮನೆಯಲ್ಲೇ ಇರುತ್ತವೆ.

ಮೊದಲು ಲೋಟ. ಸ್ಟೀಲಿನದ್ದು ಆಗದು, ಶರಬತ್ತು ಕುಡಿಯುವ ಪಾರದರ್ಶಕ ಗಾಜಿನದ್ದೇ ಬೇಕು. ಲೋಟದ ಬದಿಯನ್ನು ಚುಕ್ಕೆಗಳ ಮೇಲೆ ಗಟ್ಟಿಯಾಗಿ ಒತ್ತಿ, ಗಾಜಿನ ಮೂಲಕ ನೋಡಿ. ಚುಕ್ಕೆ ಮಾಯವಾದರೆ ಅಲ್ಲಿ ರಕ್ತನಾಳ ಅರಳಿದೆ ಅಷ್ಟೆ, ರಕ್ತ ಇನ್ನೂ ನಾಳದೊಳಗೇ ಇದೆ. ಒತ್ತಿದರೂ ಚುಕ್ಕೆ ಹಾಗೆಯೇ ಇದ್ದರೆ ರಕ್ತ ನಾಳದಿಂದ ಹೊರಗೆ ಚರ್ಮಕ್ಕೆ ಸೋರಿದೆ. ಇದಕ್ಕೆ ಪರ್ಪುರಾ ಎನ್ನುತ್ತಾರೆ. ಇದರ ಕಾರಣ ಪ್ಲೇಟ್‌ಲೆಟ್ ಕುಸಿತ, ಡೆಂಗ್ಯೂ, ಇಲಿಜ್ವರ, ರಕ್ತನಾಳದ ಉರಿಯೂತ, ಕೆಲವು ಔಷಧಿ, ಅಪರೂಪಕ್ಕೆ ರಕ್ತದ ಕ್ಯಾನ್ಸರ್ ಆಗಿರಬಹುದು. ಜ್ವರ ಇಲ್ಲದಿದ್ದರೂ ಅದೇ ದಿನ ರಕ್ತ ಪರೀಕ್ಷೆ ಆಗಬೇಕು. ಇಂಥ ಚುಕ್ಕೆಗಳು ಕೈಗೆ ಉಬ್ಬಿದಂತೆ ತಾಗಿದರೆ ರಕ್ತನಾಳಗಳೇ ಊದಿಕೊಂಡಿವೆ ಎಂಬ ಅನುಮಾನ ಹೆಚ್ಚು. ಆಗ ಮೂತ್ರ ಪರೀಕ್ಷೆಯನ್ನೂ ಬಿಡಬಾರದು, ಏಕೆಂದರೆ ಅದೇ ಉರಿಯೂತ ಸದ್ದಿಲ್ಲದೆ ಕಿಡ್ನಿಯಲ್ಲೂ ನಡೆಯುತ್ತಿರಬಹುದು.

ಚಿಕ್ಕ ಮಕ್ಕಳಲ್ಲಿ ಶೀತ, ಗಂಟಲುನೋವು ಆದ ಒಂದೆರಡು ವಾರಕ್ಕೆ ಕುಂಡೆ ಮತ್ತು ಕಾಲುಗಳಲ್ಲಿ ಇಂಥ ಉಬ್ಬಿದ ಚುಕ್ಕೆ, ಹೊಟ್ಟೆನೋವು, ಗಂಟುನೋವು ಒಟ್ಟಿಗೆ ಬರುವುದುಂಟು. ಹೆಚ್ಚಿನ ಮಕ್ಕಳು ತಾವಾಗಿಯೇ ಗುಣವಾಗುತ್ತಾರೆ. ಆದರೆ ಚುಕ್ಕೆ ಹೋಯಿತು ಎಂದು ಮರೆಯಬೇಡಿ. ವೈದ್ಯರು ಹೇಳಿದ ಹಾಗೆ ಸುಮಾರು 6 ತಿಂಗಳು ಆಗಾಗ ಮೂತ್ರ ಪರೀಕ್ಷೆ, ರಕ್ತದೊತ್ತಡ ನೋಡಿಸುತ್ತಿರಬೇಕು.

ಎರಡನೆಯದು ಪೆನ್ನು. ನಮ್ಮಲ್ಲಿ ಪಿತ್ತಗಂಧೆ ಎನ್ನುವ, ಎದ್ದು ಮುಳುಗುವ ತುರಿಕೆಯ ಗಂಧೆಗಳಿಗೆ ಇದು. ಒಂದು ಗಂಧೆಯ ಸುತ್ತ ಬಾಲ್ ಪೆನ್ನಿನಿಂದ ಗೆರೆ ಎಳೆದು ಗಂಟೆ ಬರೆದಿಡಿ. ಮಾಮೂಲಿ ಗಂಧೆ 24 ಗಂಟೆಯೊಳಗೆ ಗೆರೆಯೊಳಗಿಂದ ಹೋಗಿ ಬೇರೆ ಕಡೆ ಏಳುತ್ತದೆ. ಅದೇ ಜಾಗದಲ್ಲಿ ಒಂದು ದಿನಕ್ಕಿಂತ ಹೆಚ್ಚು ನಿಂತು, ತುರಿಕೆಗಿಂತ ಉರಿ ಹೆಚ್ಚಿದ್ದು, ಹೋಗುವಾಗ ಕಂದು ಕಲೆ ಬಿಟ್ಟರೆ ಅದು ಬರೀ ಪಿತ್ತ ಅಲ್ಲ, ರಕ್ತನಾಳದ ಉರಿಯೂತ ಇರಬಹುದು. ಮಾಮೂಲಿ ಗಂಧೆಯೇ ಆದರೂ 6 ವಾರ ದಾಟಿ ದಿನಾ ಎನ್ನುವಂತೆ ಬರುತ್ತಿದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸುವುದು ವಾಡಿಕೆ. "ಬದನೆ ನಂಜು, ಬಂಗುಡೆ ನಂಜು" ಎಂದು ತಟ್ಟೆಯಿಂದ ಒಂದೊಂದೇ ಪದಾರ್ಥ ತೆಗೆಯುತ್ತ ಬಡಕಲಾದವರನ್ನು ಕಂಡಿದ್ದೇನೆ. ಆ ತಿಂಗಳುಗಟ್ಟಲೆ ಗಂಧೆಗೆ ಊಟ ಕಾರಣವಾಗಿರುವುದು ಬಹಳ ಕಡಿಮೆ.

ಮೂರನೆಯದು ಹತ್ತಿ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಬೀಡಿ ಕಟ್ಟುವ ಹೆಂಗಸೊಬ್ಬರು ಬಂದಿದ್ದರು, ಎಲೆ ಕೈಯಿಂದ ಜಾರುತ್ತದೆ, ಕಿರುಬೆರಳು ಸೋಲುತ್ತದೆ ಎಂಬ ದೂರಿನೊಂದಿಗೆ. ಮೂಳೆ ಡಾಕ್ಟರಿಗೆ ತೋರಿಸಿ ಆಗಿತ್ತು. ಮೊಣಕೈಯ ಮೇಲೆ ಮಾಸಲು ಬಣ್ಣದ, ಅಂಗೈಯಗಲದ ಮಚ್ಚೆಯಿತ್ತು. ತುರಿಕೆ ಇಲ್ಲ, ನೋವಿಲ್ಲ ಎಂದು ಅದನ್ನು ಯಾರಿಗೂ ತೋರಿಸಿರಲಿಲ್ಲ. ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯನ್ನು ಮೊದಲು ಸರಿಯಿದ್ದ ಚರ್ಮಕ್ಕೆ, ಆಮೇಲೆ ಮಚ್ಚೆಗೆ ತಾಗಿಸಿ, "ಎಲ್ಲಿ ಮುಟ್ಟಿದೆ, ಬೆರಳು ತೋರಿಸಿ" ಎಂದೆ. ಸರಿಯಿದ್ದ ಕಡೆ ಪ್ರತಿ ಸಲ ಬೆರಳು ಸರಿಯಾಗಿ ಬಂತು. ಮಚ್ಚೆಯ ಮೇಲೆ ಮುಟ್ಟಿದಾಗ ಆಕೆ ಕಣ್ಣು ಮುಚ್ಚಿಕೊಂಡೇ ಕಾಯುತ್ತ ಕುಳಿತಿದ್ದರು, ನಾನಿನ್ನೂ ಮುಟ್ಟಿಲ್ಲ ಎಂದುಕೊಂಡು.

ಸ್ಪರ್ಶ ತಿಳಿಯದ ಮಚ್ಚೆ ಕುಷ್ಠರೋಗದ ಗುರುತು. ಮುಖದ ಮಚ್ಚೆಯಲ್ಲಿ ಮಾತ್ರ ಸ್ಪರ್ಶ ಉಳಿದಿರಬಹುದು, ಅಲ್ಲಿ ಈ ಪರೀಕ್ಷೆಯನ್ನು ನಂಬಿ ಕೂರಬೇಡಿ. ಮಚ್ಚೆಯೇ ಇಲ್ಲದೆ ಕಿವಿಯ ಹಾಲೆ ದಪ್ಪವಾಗುವುದು, ಹುಬ್ಬಿನ ಹೊರತುದಿಯ ಕೂದಲು ಉದುರುವುದು, ಕೈಕಾಲು ಜೋಮು ಹಿಡಿಯುವುದು ಕೂಡ ಇದೇ ಕಾಯಿಲೆಯ ಇನ್ನೊಂದು ಮುಖ. 1873ರಲ್ಲಿ ನಾರ್ವೆಯ ಹ್ಯಾನ್ಸನ್ ಇದರ ರೋಗಾಣುವನ್ನು ಗುರುತಿಸಿದ ಮೇಲೆ ಇದು ಶಾಪವೂ ಅಲ್ಲ, ವಂಶದ ದೋಷವೂ ಅಲ್ಲ ಎಂದು ಖಚಿತವಾಗಿದೆ. ನಮ್ಮ ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಬಡವರ ಔಷಧಾಲಯ ತೆರೆದ ಫಾದರ್ ಆಗಸ್ಟಸ್ ಮುಲ್ಲರ್ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿಸಿದ ಕಾಲಕ್ಕೆ ಕೊಡಲು ಸರಿಯಾದ ಔಷಧವೇ ಇರಲಿಲ್ಲ. ಈಗ ಇದೆ. ಬಹುಔಷಧ ಚಿಕಿತ್ಸೆಯ ಮಾತ್ರೆಗಳು ಸರ್ಕಾರಿ ಆಸ್ಪತ್ರೆಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ. ರೋಗದ ಬಗೆ ನೋಡಿ 6 ಅಥವಾ 12 ತಿಂಗಳು. ಔಷಧ ಶುರುವಾದರೆ ಬೇಗನೆ ಇನ್ನೊಬ್ಬರಿಗೆ ಹರಡುವುದು ನಿಲ್ಲುತ್ತದೆ, ಮನೆಯಿಂದ ಹೊರಗಿಡುವ ಪ್ರಶ್ನೆಯೇ ಇಲ್ಲ. ತಡವಾದರೆ ರೋಗಾಣು ಸತ್ತರೂ ಸತ್ತ ನರ ಮರಳುವುದಿಲ್ಲ. ಆ ಬೀಡಿ ಕಟ್ಟುವ ಅಕ್ಕನ ಕಿರುಬೆರಳು ಪೂರ್ತಿ ನೆಟ್ಟಗಾಗಲಿಲ್ಲ. ಮಚ್ಚೆ ಕಂಡ ವರ್ಷವೇ ಬಂದಿದ್ದರೆ ಎಂದು ಈಗಲೂ ಅನ್ನಿಸುತ್ತದೆ.

ಹಂತ 4: ಎಲ್ಲಿ ಬಂದಿದೆ?

ದದ್ದು ಆರಿಸಿಕೊಳ್ಳುವ ಜಾಗಕ್ಕೆ ಅರ್ಥವಿದೆ. ತಲೆಯಿಂದ ಕೆಳಗೆ ಬರೋಣ.

ಕೆನ್ನೆ ಮತ್ತು ಮೂಗಿನ ಸೇತುವೆಯ ಮೇಲೆ ಚಿಟ್ಟೆ ರೆಕ್ಕೆ ಬಿಚ್ಚಿದಂತೆ ದದ್ದು, ಬಿಸಿಲಿಗೆ ಹೋದರೆ ಹೆಚ್ಚಾಗುತ್ತದೆ: ಲೂಪಸ್ ಇರಬಹುದು. ರಕ್ಷಣಾ ವ್ಯವಸ್ಥೆ ಸ್ವಂತ ದೇಹದ ಮೇಲೇ ತಿರುಗಿಬೀಳುವ ಇನ್ನೊಂದು ಕಾಯಿಲೆ ಇದು. ಹೆರುವ ವಯಸ್ಸಿನ ಹೆಂಗಸರಲ್ಲೇ ಇದು ಹೆಚ್ಚು. ನಮ್ಮಲ್ಲಿ ಇದನ್ನು ಬಂಗು ಎಂದುಕೊಂಡು ಕ್ರೀಮು ಹಚ್ಚುತ್ತ ಕೂರುವವರು ಅನೇಕರು. ಬಂಗು ಚಪ್ಪಟೆ, ಬರೀ ಕಂದು ಬಣ್ಣ, ಬೇರೇನೂ ತೊಂದರೆ ಕೊಡುವುದಿಲ್ಲ. ಲೂಪಸ್‌ನ ದದ್ದು ಸ್ವಲ್ಪ ಎದ್ದಿರುತ್ತದೆ, ಮೂಗಿನ ಬದಿಯಿಂದ ಬಾಯಿಯತ್ತ ಇಳಿಯುವ ಮಡಿಕೆಯನ್ನು ಬಿಟ್ಟು ಬರುತ್ತದೆ, ಜೊತೆಗೆ ಗಂಟುನೋವು, ಬಿಡದ ಸುಸ್ತು, ಕೂದಲುದುರುವುದು, ಬಾಯಿಯ ಅಂಗುಳದಲ್ಲಿ ನೋವಿಲ್ಲದ ಹುಣ್ಣು ಇರುತ್ತವೆ. ಮೂತ್ರದಲ್ಲಿ ನೊರೆ ಕಂಡರೆ, ಮುಖ, ಕಾಲು ಊದಿದರೆ ಕಿಡ್ನಿಗೆ ತಾಗಿದೆ ಎಂದೇ ತಿಳಿದು ಆ ವಾರವೇ ಹೋಗಿ.

ರೆಪ್ಪೆಯ ನೇರಳೆ ಬಣ್ಣದ ಕಥೆ ಮೊದಲೇ ಹೇಳಿದೆ. ರೆಪ್ಪೆಯ ಒಳಮೂಲೆಯಲ್ಲಿ ಹಳದಿ ಚಪ್ಪಟೆ ಗಂಟುಗಳಿದ್ದರೆ ರಕ್ತದ ಕೊಬ್ಬು ಪರೀಕ್ಷಿಸಿ. ಎಲ್ಲರಲ್ಲೂ ಹೆಚ್ಚಿರುವುದಿಲ್ಲ, ಆದರೆ ನೋಡದೆ ಬಿಡಬಾರದು.

ಕತ್ತಿನ ಹಿಂಭಾಗ. ಶಾಲೆಗೆ ಹೋಗುವ ಮಗಳ ಕತ್ತನ್ನು ತಾಯಿ ತೆಂಗಿನ ನಾರಿನಿಂದ ಉಜ್ಜಿ ಉಜ್ಜಿ, ಚರ್ಮ ಕಿತ್ತುಬಂದ ಸ್ಥಿತಿಯಲ್ಲಿ ಕರೆತಂದಿದ್ದರು. "ಸರಿಯಾಗಿ ಮೀಯುವುದಿಲ್ಲ ಇವಳು, ಕೊಳೆ ಹೋಗುವುದೇ ಇಲ್ಲ" ಎಂದು ಬೈಯುತ್ತ. ಹುಡುಗಿ ತಲೆ ತಗ್ಗಿಸಿ ಕೂತಿದ್ದಳು. ಅದು ಕೊಳೆಯಲ್ಲ. ಕತ್ತು, ಕಂಕುಳಲ್ಲಿ ಮಖಮಲ್ಲಿನ ಹಾಗೆ ದಪ್ಪಗಾಗಿ ಕಪ್ಪಾಗುವ ಈ ಚರ್ಮಕ್ಕೆ ಅಕ್ಯಾಂಥೋಸಿಸ್ ನೈಗ್ರಿಕನ್ಸ್ ಎನ್ನುತ್ತಾರೆ. ದೇಹ ಇನ್ಸುಲಿನ್ ಮಾತು ಕೇಳದಿದ್ದಾಗ ರಕ್ತದಲ್ಲಿ ಇನ್ಸುಲಿನ್ ಹೆಚ್ಚಿ, ಅದು ಚರ್ಮದ ಕೋಶಗಳನ್ನು ಬೆಳೆಯುವಂತೆ ಮಾಡುತ್ತದೆ. ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲ, ಬರುವ ದಾರಿಯಲ್ಲಿದೆ ಎಂದು ಚರ್ಮ ವರ್ಷಗಳ ಮೊದಲೇ ಹೇಳುತ್ತಿದೆ. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ. 5.7ರಿಂದ 6.4 ಇದ್ದರೆ ಗಡಿಯಲ್ಲಿದ್ದೀರಿ, 6.5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಧುಮೇಹ. ಹುಡುಗಿಯರಲ್ಲಿ ಮುಟ್ಟು ಏರುಪೇರಾಗಿದ್ದರೆ ಪಿಸಿಒಡಿ ಎಂಬ ಅಂಡಾಶಯದ ತೊಂದರೆಯನ್ನೂ ನೋಡಬೇಕು. ಉಜ್ಜುವುದು ಬಿಟ್ಟು ತೂಕ ಇಳಿಸಿದರೆ ಕಪ್ಪು ತಾನಾಗಿ ತಿಳಿಯಾಗುತ್ತದೆ. ತೂಕ ಹೆಚ್ಚಿಲ್ಲದ ಹಿರಿಯರಲ್ಲಿ ಈ ಕಪ್ಪು ಕೆಲವೇ ತಿಂಗಳಲ್ಲಿ ದಿಢೀರನೆ ಬಂದು, ತುಟಿ, ಅಂಗೈಗೂ ಹರಡಿ, ಊಟ ಸೇರದೆ ಮೈ ಇಳಿಯುತ್ತಿದ್ದರೆ ಮಾತ್ರ ಕಥೆ ಬೇರೆ. ಆಗ ಹೊಟ್ಟೆಯ ಕ್ಯಾನ್ಸರ್ ಅಲ್ಲವೆಂದು ಎಂಡೋಸ್ಕೋಪಿಯಿಂದ ಖಚಿತಪಡಿಸಿಕೊಳ್ಳಬೇಕು.

ಬೆರಳ ಗೆಣ್ಣುಗಳು ಚಪ್ಪಟೆಯಾಗಿಯೇ ಇದ್ದು ಬರೀ ಕಪ್ಪಾಗಿವೆ, ನಾಲಗೆ ಕೆಂಪಗೆ ನುಣುಪಾಗಿ ಉರಿಯುತ್ತದೆ, ಪಾದ ಜುಮುಜುಮು ಎನ್ನುತ್ತದೆ: ಬಿ12 ಕೊರತೆ ನೋಡಿ. ಶುದ್ಧ ಸಸ್ಯಾಹಾರಿ ಮನೆಗಳಲ್ಲಿ, ಮಧುಮೇಹಕ್ಕೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ತಿನ್ನುವವರಲ್ಲಿ ಇದು ಸಾಮಾನ್ಯ. ಕೊರತೆ ತುಂಬಿದರೆ ಕಪ್ಪು ಹೋಗುತ್ತದೆ.

ಎದೆ, ಭುಜಗಳಲ್ಲಿ ಜೇಡದ ಕಾಲಿನಂತೆ ಹರಡಿದ ಕೆಂಪು ನಾಳಗಳಿದ್ದು, ನಡುವಿನ ಚುಕ್ಕೆಯನ್ನು ಪೆನ್ನಿನ ತುದಿಯಿಂದ ಒತ್ತಿದರೆ ಪೂರ್ತಿ ಮಾಯವಾಗಿ, ಬಿಟ್ಟ ಕೂಡಲೇ ನಡುವಿನಿಂದ ಹೊರಕ್ಕೆ ತುಂಬಿಕೊಳ್ಳುತ್ತದೆಯೇ? ಒಂದೆರಡು ಇದ್ದರೆ ಚಿಂತೆ ಬೇಡ, ಬಸುರಿಯರಲ್ಲೂ ಬರುತ್ತವೆ. ಹಲವಾರು ಇದ್ದು, ಅಂಗೈ ಕೆಂಪಗಿದ್ದರೆ ಲಿವರ್ ಪರೀಕ್ಷೆ ಬೇಕು. ಮದ್ಯಪಾನದ ಅಭ್ಯಾಸವಿದ್ದರೆ ಇನ್ನಷ್ಟು ಬೇಗ.

ಕಣಕಾಲಿನ ಮುಂಭಾಗದಲ್ಲಿ ಮುಟ್ಟಿದರೆ ನೋಯುವ, ಚರ್ಮದಡಿಯ ಕೆಂಪು ಗಡ್ಡೆಗಳು ಬಂದರೆ ಗಂಟಲಿನ ಸೋಂಕಿನಿಂದ ಕ್ಷಯದವರೆಗೆ ಕಾರಣಗಳಿವೆ. ಕೆಮ್ಮು ಇಲ್ಲದಿದ್ದರೂ ಎದೆಯ ಎಕ್ಸ್‌ರೇ ತೆಗೆಸುತ್ತಾರೆ, ಬೇಡ ಎನ್ನಬೇಡಿ. ಅದೇ ಜಾಗದಲ್ಲಿ ನೋವಿಲ್ಲದ ಕಂದು ಕುಳಿಗಳಿದ್ದರೆ ಹಳೆಯ ಮಧುಮೇಹದವು ಇರಬಹುದು. ಪದೇ ಪದೇ ಕುರು ಏಳುವವರು, ತೊಡೆಸಂದಿನ ಸೋಂಕು ಮರುಕಳಿಸುವವರು ಒಮ್ಮೆ ಸಕ್ಕರೆ ನೋಡಿಸಿಕೊಳ್ಳಿ.

ದೇಹದ ಒಂದೇ ಬದಿಗೆ, ಪಟ್ಟಿಯಂತೆ, ಮೊದಲು ಉರಿನೋವು ಬಂದು ಎರಡು ಮೂರು ದಿನದಲ್ಲಿ ನೀರ್ಗುಳ್ಳೆ ಎದ್ದರೆ ಸರ್ಪಸುತ್ತು. ಚಿಕ್ಕಂದಿನಲ್ಲಿ ಬಂದ ಚಿಕನ್‌ಪಾಕ್ಸಿನ ವೈರಸ್ಸು ನರದ ಬುಡದಲ್ಲಿ ಮಲಗಿದ್ದು, ರಕ್ಷಣಾ ಶಕ್ತಿ ಕುಗ್ಗಿದಾಗ ನರದ ದಾರಿ ಹಿಡಿದು ಚರ್ಮಕ್ಕೆ ಬರುತ್ತದೆ. ಹಾಗಾಗಿಯೇ ಅದು ನಡುಗೆರೆ ದಾಟುವುದಿಲ್ಲ. ಹೆಡೆ, ಬಾಲ ಕೂಡಿದರೆ ಜೀವ ಹೋಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ನಾಗನನ್ನು ನಂಬುವ ನಾಡು ನಮ್ಮದು. ಆಶ್ಲೇಷಾ ಬಲಿ ಮಾಡಿಸುವ ಮನಸ್ಸಿದ್ದರೆ ಮಾಡಿಸಿ, ಅದಕ್ಕೆ ದಿನ ಸಿಗುತ್ತದೆ. ವೈರಸ್ಸಿನ ಮಾತ್ರೆಗೆ ಮಾತ್ರ ಗಡುವಿದೆ: ಗುಳ್ಳೆ ಎದ್ದ 72 ಗಂಟೆಯೊಳಗೆ ಶುರುಮಾಡಿದರೆ ಲಾಭ ಹೆಚ್ಚು. ಹಣೆಯ ಮೇಲೆ ಅಥವಾ ಮೂಗಿನ ತುದಿಯಲ್ಲಿ ಗುಳ್ಳೆಯಿದ್ದರೆ ಅದೇ ದಿನ ಕಣ್ಣಿನ ಡಾಕ್ಟರು ನೋಡಬೇಕು. ಎಳೆ ವಯಸ್ಸಿನಲ್ಲಿ ಬಂದರೆ ಎಚ್‌ಐವಿ ಪರೀಕ್ಷೆಗೆ ಹೇಳುತ್ತಾರೆ, ಬೇಸರಿಸಬೇಡಿ.

ಹಂತ 5: ಮಳೆಗಾಲದ ಜ್ವರದ ಜೊತೆ ಬಂದಿದ್ದರೆ

ಜೂನ್‌ನಿಂದ ಅಕ್ಟೋಬರ್‌ವರೆಗೆ ನಮ್ಮ ಜಿಲ್ಲೆಗಳಲ್ಲಿ ಜ್ವರ ಮತ್ತು ದದ್ದು ಒಟ್ಟಿಗೆ ಬಂದರೆ ಮೂರು ಹೆಸರು ತಲೆಯಲ್ಲಿರಲಿ.

ಡೆಂಗ್ಯೂ. ಮೈಕೈ ಮುರಿತ, ಕಣ್ಣಿನ ಹಿಂದೆ ನೋವು, ಜ್ವರ ಇಳಿಯುವ ಹೊತ್ತಿಗೆ ಮೈಯೆಲ್ಲ ಕೆಂಪಾಗಿ ನಡುನಡುವೆ ಬಿಳಿ ದ್ವೀಪಗಳಂತೆ ಸರಿಯಿದ್ದ ಚರ್ಮ. ಜ್ವರ ಬಿಟ್ಟಿತು ಎಂದು ಮನೆಯವರು ಸಮಾಧಾನಪಡುವ ಆ ಒಂದೆರಡು ದಿನಗಳೇ ಅಪಾಯದವು. ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ತೀರಾ ನಿತ್ರಾಣ ಕಂಡರೆ ದಾಖಲಾಗಲೇಬೇಕು. ಜ್ವರಕ್ಕೆ ಪ್ಯಾರಸಿಟಮಾಲ್ ಮಾತ್ರ. ಐಬುಪ್ರೊಫೆನ್, ಆಸ್ಪಿರಿನ್‌ನಂಥ ನೋವಿನ ಮಾತ್ರೆ ನುಂಗಬೇಡಿ.

ಇಲಿಜ್ವರ. ಗದ್ದೆ, ತೋಟ, ಚರಂಡಿ ಕೆಲಸದವರು ಎಚ್ಚರ. ಕಣ್ಣು ಕೆಂಪಗಾಗಿದೆ, ಆದರೆ ಪಿಸಿರಿಲ್ಲ. ಮೀನಖಂಡ ಹಿಸುಕಿದರೆ ಚೀರುವಷ್ಟು ನೋವು. ಆಮೇಲೆ ಹಳದಿ, ರಕ್ತದ ಚುಕ್ಕೆ, ಮೂತ್ರ ಕಡಿಮೆ. ಹಳದಿ ಕಂಡ ಕೂಡಲೇ "ಕಾಮಾಲೆ" ಎಂದು ನಾಟಿ ಮದ್ದಿಗೆ ಹೋಗಿ ದಿನ ಕಳೆದುಕೊಂಡರೆ ಕಿಡ್ನಿ ಸೋಲುತ್ತದೆ.

ಸ್ಕ್ರಬ್ ಟೈಫಸ್. ಹೆಬ್ರಿ, ಕಾರ್ಕಳ, ಬೆಳ್ತಂಗಡಿಯಂಥ ಕಾಡಂಚಿನ ಊರವರು ಇದನ್ನು ನೆನಪಿಡಿ. ಪೊದೆಯ ಸಣ್ಣ ನುಸಿಹುಳದ ಮರಿ ಕಚ್ಚಿದ ಜಾಗದಲ್ಲಿ ಬೀಡಿ ತುದಿ ತಾಗಿಸಿ ಸುಟ್ಟಂತೆ ಕಪ್ಪು ಹಕ್ಕಳೆ, ಸುತ್ತ ಕೆಂಪು, ನೋವೂ ಇಲ್ಲ, ತುರಿಕೆಯೂ ಇಲ್ಲ. ಹಾಗಾಗಿ ರೋಗಿಗೇ ಗೊತ್ತಿರುವುದಿಲ್ಲ. ಕಂಕುಳು, ತೊಡೆಸಂದು, ಸ್ತನದ ಕೆಳಗೆ, ಉಡಿದಾರದ ಅಡಿ, ಮೊಣಕಾಲಿನ ಹಿಂಭಾಗ ಹುಡುಕಿ. ಸಿಕ್ಕಿದರೆ ಡಾಕ್ಟರಿಗೆ ಬೆರಳಿಟ್ಟು ತೋರಿಸಿ. ಡಾಕ್ಸಿಸೈಕ್ಲಿನ್ ಶುರುವಾದ ಒಂದೆರಡು ದಿನದಲ್ಲೇ ಜ್ವರ ಇಳಿಯುತ್ತದೆ. ಗುರುತಿಸದಿದ್ದರೆ ಶ್ವಾಸಕೋಶ, ಕಿಡ್ನಿವರೆಗೂ ಹೋಗುತ್ತದೆ.

ಐದು ವರ್ಷದೊಳಗಿನ ಮಕ್ಕಳಲ್ಲಿ ಜ್ವರ 5 ದಿನ ಬಿಡದೆ ಇದ್ದು, ಕಣ್ಣು ಕೆಂಪು, ತುಟಿ ಒಡೆದು ನಾಲಗೆ ಚುಕ್ಕೆಚುಕ್ಕೆಯಾಗಿ ಕೆಂಪು, ಮೈಮೇಲೆ ದದ್ದು, ಕೈಕಾಲು ಊತ ಕಂಡರೆ "ಕವಾಸಾಕಿ ಇರಬಹುದೇ" ಎಂದು ನೀವೇ ಬಾಯಿಬಿಟ್ಟು ಕೇಳಿ. ಹೃದಯದ ರಕ್ತನಾಳಕ್ಕೆ ತಾಗುವ ಕಾಯಿಲೆ ಅದು, ಚಿಕಿತ್ಸೆ ಮೊದಲ 10 ದಿನದೊಳಗೆ ಆಗಬೇಕು.

ಹಂತ 6: ತುರಿಕೆ ಇದೆ, ದದ್ದೇ ಇಲ್ಲ

ಇದು ಸುಲಭವಾಗಿ ತಪ್ಪಿಹೋಗುವಂಥದ್ದು. ಮೈತುಂಬ ಉಗುರಿನ ಗೀರುಗಳು, ಆದರೆ ಬೆನ್ನಿನ ನಟ್ಟನಡುವೆ, ಕೈ ಎಟಕದ ಅಂಗೈಯಗಲದ ಜಾಗದಲ್ಲಿ ಚರ್ಮ ತಿಳಿಯಾಗಿದ್ದರೆ ಮೂಲ ಚರ್ಮದಲ್ಲಿಲ್ಲ, ಒಳಗಿರಬಹುದು. 6 ವಾರ ದಾಟಿದ ಇಂಥ ತುರಿಕೆಗೆ ಕಿಡ್ನಿ, ಲಿವರ್, ಥೈರಾಯ್ಡ್, ಕಬ್ಬಿಣದಂಶ, ಸಕ್ಕರೆ ನೋಡಬೇಕು. ರಾತ್ರಿ ಬೆವರು, ಮೈ ಇಳಿಯುವುದು, ಕತ್ತು ಕಂಕುಳಲ್ಲಿ ಗಡ್ಡೆ ಜೊತೆಗಿದ್ದರೆ ಲಿಂಫೋಮಾ ಎಂಬ ಕ್ಯಾನ್ಸರನ್ನೂ.

ಏಳು ತಿಂಗಳು ದಾಟಿದ ಬಸುರಿಗೆ ರಾತ್ರಿ ಅಂಗೈ, ಅಂಗಾಲು ವಿಪರೀತ ತುರಿಸಿದರೆ "ಹೊಟ್ಟೆಯ ಕೂಸಿನ ಕೂದಲಿನಿಂದ" ಎಂದು ಹಿರಿಯರು ಸಮಾಧಾನ ಹೇಳುವುದುಂಟು. ಅದು ಪಿತ್ತರಸ ರಕ್ತದಲ್ಲಿ ಏರಿದ ಲಕ್ಷಣ ಇರಬಹುದು, ಮಗುವಿಗೆ ಅಪಾಯ. ಮರುದಿನವೇ ಹೆರಿಗೆ ಡಾಕ್ಟರಿಗೆ ಹೇಳಿ, ಲಿವರ್ ಮತ್ತು ಪಿತ್ತಾಮ್ಲದ ಪರೀಕ್ಷೆ ಮಾಡಿಸಿ.

ಹಂತ 7: ಕಳೆದ ಎರಡು ತಿಂಗಳ ಮದ್ದಿನ ಪಟ್ಟಿ

ಒಂದು ಹಾಳೆಯಲ್ಲಿ ಬರೆಯಿರಿ: ಯಾವ ಮದ್ದು, ಯಾವ ದಿನ ಶುರು, ದದ್ದು ಯಾವ ದಿನ ಬಂತು. ಮೆಡಿಕಲ್ ಶಾಪಿನಿಂದ ತಂದ ನೋವಿನ ಮಾತ್ರೆ, ಇಂಜೆಕ್ಷನ್, ಪಂಡಿತರ ಪುಡಿ, ಲೇಹ್ಯ, ಆಟಿ ಅಮಾವಾಸ್ಯೆಗೆ ಕುಡಿದ ಪಾಲೆ ಮರದ ಕಷಾಯದವರೆಗೆ ಎಲ್ಲವೂ ಅದರಲ್ಲಿರಲಿ. "ಅದು ಮದ್ದಲ್ಲ" ಎಂದು ಬಿಡಬೇಡಿ. ಪಾಲೆಯೆಂದು ಬೇರೆ ಮರದ ಕೆತ್ತೆ ತಂದು ವಿಷವಾದದ್ದು ನಮ್ಮ ಜಿಲ್ಲೆಯಲ್ಲೇ ಇದೆ.

ಔಷಧಿಯ ಭಯಂಕರ ದದ್ದು, ಸ್ಟೀವನ್ಸ್ ಜಾನ್ಸನ್, ಹೊಸ ಮಾತ್ರೆ ಶುರುವಾದ 4ರಿಂದ 28 ದಿನದೊಳಗೆ ಬರುವುದು ಹೆಚ್ಚು. ಜ್ವರ, ಮುಖದ ಊತ, ಲಿವರಿನ ತೊಂದರೆಯೊಂದಿಗೆ ಬರುವ ಇನ್ನೊಂದು ಬಗೆ 2ರಿಂದ 8 ವಾರಕ್ಕೆ. ಫಿಟ್ಸಿಗೆ ಮತ್ತು ಮುಖದ ನರನೋವಿಗೆ ಕೊಡುವ ಕಾರ್ಬಮಾಜೆಪಿನ್, ಫಿಟ್ಸಿನ ಫೆನಿಟಾಯಿನ್, ಯೂರಿಕ್ ಆಸಿಡ್‌ಗೆ ಕೊಡುವ ಅಲೊಪ್ಯೂರಿನಾಲ್, ಸೋಂಕಿಗೆ ಕೊಡುವ ಸಲ್ಫಾ ಮಾತ್ರೆಗಳು ಇಂಥ ದದ್ದು ತರುವವುಗಳಲ್ಲಿ ಮುಖ್ಯವಾದವು. ಬಾಯಲ್ಲಿ ಹುಣ್ಣು ಕಂಡ ಕ್ಷಣ ಮಾತ್ರೆ ನಿಲ್ಲಿಸಿ ಆಸ್ಪತ್ರೆಗೆ ಹೋಗಿ.

ಹಂತ 8: ಆಸ್ಪತ್ರೆಯಲ್ಲಿ

ಹೋಗುವ ಮೊದಲು ಏನೂ ಹಚ್ಚಬೇಡಿ, ಅರಿಶಿನ, ಬೇವು ಕೂಡ. ಅಂಗಡಿಯಲ್ಲಿ ಕೇಳಿದರೆ ಕೊಡುವ ಮೂರು ನಾಲ್ಕು ಮದ್ದು ಬೆರೆಸಿದ ಕ್ರೀಮುಗಳಲ್ಲಿ ಕ್ಲೊಬೆಟಸಾಲ್, ಬೀಟಾಮೆಥಸೋನ್‌ನಂಥ ಸ್ಟೀರಾಯ್ಡ್ ಇರುತ್ತದೆ. ಎರಡು ದಿನ ಹಿತವೆನಿಸಿ ದದ್ದಿನ ಚಹರೆಯೇ ಬದಲಾಗುತ್ತದೆ, ಆಮೇಲೆ ಪರಿಣತರಿಗೂ ಗುರುತು ಹಿಡಿಯುವುದು ಕಷ್ಟ. ಈಗಾಗಲೇ ಹಚ್ಚಿದ್ದರೆ ಟ್ಯೂಬನ್ನೇ ಕೊಂಡುಹೋಗಿ.

ಮಂಗಳೂರಿನವರಿಗೆ 1848ರಿಂದ ಇರುವ ವೆನ್ಲಾಕ್ ಜಿಲ್ಲಾಸ್ಪತ್ರೆ, ಉಡುಪಿಯವರಿಗೆ ಅಜ್ಜರಕಾಡಿನ ಜಿಲ್ಲಾಸ್ಪತ್ರೆ ಇದೆ. ಮಣಿಪಾಲ, ಮಂಗಳೂರಿನ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಚರ್ಮ, ಮೆಡಿಸಿನ್, ಕಿಡ್ನಿ ಎಲ್ಲ ವಿಭಾಗ ಒಂದೇ ಸೂರಿನಡಿ ಇರುವುದರಿಂದ ಇಂಥ ಕಾಯಿಲೆಗೆ ಅನುಕೂಲ. ಒಳಗೆ ಹೋದಾಗ "ತುರಿ ಸಿಸ್ಟರ್" ಎಂದಷ್ಟೇ ಹೇಳಬೇಡಿ. ಒಂದೇ ಉಸಿರಿನಲ್ಲಿ ಇಷ್ಟು ಹೇಳಿ: ಎಷ್ಟು ದಿನದಿಂದ, ಎಲ್ಲಿ ಶುರು, ಎತ್ತ ಹರಡಿತು, ಜ್ವರ, ಗಂಟುನೋವು, ಬಾಯಿಹುಣ್ಣು, ಸುಸ್ತು, ತೂಕ, ಮೂತ್ರ ಹೇಗಿದೆ, ಏನು ಮದ್ದು.

ಪರೀಕ್ಷೆಗಳೆಂದರೆ ಭಯಪಡಬೇಡಿ. ಹೆಚ್ಚಿನವರಿಗೆ ರಕ್ತಕಣಗಳ ಎಣಿಕೆ, ಮೂತ್ರ, ಸಕ್ಕರೆ, ಕಿಡ್ನಿಗೆ ಕ್ರಿಯಾಟಿನಿನ್, ಲಿವರ್ ಪರೀಕ್ಷೆಯಿಂದ ಶುರು. ಅನುಮಾನ ಗಟ್ಟಿಯಾದರೆ ಲೂಪಸ್‌ನಂಥ ಕಾಯಿಲೆಗೆ ಎಎನ್‌ಎ, ಸ್ನಾಯುವಿನ ಹಾನಿ ತಿಳಿಯಲು ಸಿಪಿಕೆ, ಜೊತೆಗೆ ಥೈರಾಯ್ಡ್. ಪೂರ್ತಿ ದೇಹದ ಪ್ಯಾಕೇಜನ್ನು ನೀವಾಗಿ ಮಾಡಿಸಿಕೊಂಡು ಹೋಗುವುದರಿಂದ ಲಾಭ ಕಡಿಮೆ. ದದ್ದು ನೋಡಿದ ಮೇಲೆ ಬೇಕಾದ ಪರೀಕ್ಷೆ ಬೇರೆಯೇ ಆಗಿರುತ್ತದೆ. ಬಯಾಪ್ಸಿ ಎಂದರೆ ಕ್ಯಾನ್ಸರ್ ಎಂದೇ ತಿಳಿದು ಅಳುವವರಿದ್ದಾರೆ. ಮರಗಟ್ಟಿಸಿ 3ರಿಂದ 4 ಮಿಲಿಮೀಟರ್ ಚರ್ಮ, ಅಂದರೆ ಸಾಸಿವೆ ಕಾಳಿಗಿಂತ ದೊಡ್ಡ ಚೂರು ತೆಗೆದು ಒಂದೆರಡು ಹೊಲಿಗೆ ಹಾಕುತ್ತಾರೆ, ಅದೇ ದಿನ ಮನೆಗೆ ಹೋಗಬಹುದು.

ಚಿಕಿತ್ಸೆ ಶುರುವಾದ ಮೇಲೆ ಎಷ್ಟೋ ಸಲ ದದ್ದು ಮೊದಲು ಹೋಗುತ್ತದೆ, ಕಾಯಿಲೆ ನಿಧಾನಕ್ಕೆ. ಮೈ ಶುಭ್ರವಾಯಿತೆಂದು ಲೂಪಸ್‌ನ ಮಾತ್ರೆ, ಸ್ಟೀರಾಯ್ಡ್ ಮಾತ್ರೆ ನೀವಾಗಿ ನಿಲ್ಲಿಸಬೇಡಿ. ಔಷಧಿಯಿಂದ ದದ್ದು ಬಂದಿದ್ದರೆ ಬಿಡುಗಡೆಯ ದಿನ ಆ ಮದ್ದಿನ ಮೂಲ ಹೆಸರನ್ನು, ಬ್ರಾಂಡ್ ಹೆಸರನ್ನಲ್ಲ, ಒಂದು ಚೀಟಿಯಲ್ಲಿ ದೊಡ್ಡಕ್ಷರದಲ್ಲಿ ಬರೆಸಿಕೊಳ್ಳಿ. ಅದಕ್ಕೆ ಪ್ಲಾಸ್ಟಿಕ್ ಕವಚ ಹಾಕಿಸಿ ಆಧಾರ್ ಕಾರ್ಡಿನ ಜೊತೆಗೇ ಪರ್ಸಿನಲ್ಲಿಡಿ, ಮುಂದೆ ಯಾವ ಡಾಕ್ಟರ ಬಳಿ ಹೋದರೂ ಕೂತ ಕೂಡಲೇ ಅದನ್ನು ಮೇಜಿನ ಮೇಲಿಡಿ.